1933ರ ಅಮೆರಿಕ: ಆರ್ಥಿಕ ಮಹಾಕುಸಿತದ ತಳ ಕಂಡ ವರ್ಷ – ಪದೇ ಪದೇ ಕೇಳುವ ಪ್ರಶ್ನೆಗಳು

1933ರ ಅಮೆರಿಕದ ಬಗ್ಗೆ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಬ್ಯಾಂಕಿನ ಚರಿತ್ರೆಯಲ್ಲಿ ಆಸಕ್ತಿ ಇರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಈ ವರ್ಷದ ಘಟನೆಗಳನ್ನು ಬಿಡಿಬಿಡಿಯಾಗಿ ಉರುಹೊಡೆದರೆ ತಲೆಗೆ ಹತ್ತುವುದಿಲ್ಲ. ಮೊದಲು ಬ್ಯಾಂಕು, ಆಮೇಲೆ ಚಿನ್ನ, ಆಮೇಲೆ ಹೊಲ ಮತ್ತು ಕೂಲಿ, ಹೀಗೆ ಒಂದರ ಹಿಂದೆ ಒಂದನ್ನು ಓದಿಕೊಂಡು ಹೋಗಿ.

ಕುಸಿತ ಆದದ್ದು 1929ರಲ್ಲಲ್ಲವೇ? 1933 ಏಕೆ ಮುಖ್ಯ?

ಷೇರುಪೇಟೆ ಬಿದ್ದದ್ದು 1929ರ ಅಕ್ಟೋಬರಿನಲ್ಲಿ. ಬದುಕು ತಳ ಕಂಡದ್ದು 1933ರ ಮಾರ್ಚಿನಲ್ಲಿ. 1929ರಲ್ಲಿ ಸುಮಾರು 10,400 ಕೋಟಿ ಡಾಲರ್ ಇದ್ದ ರಾಷ್ಟ್ರೀಯ ಉತ್ಪನ್ನ 1933ರ ಹೊತ್ತಿಗೆ 5,600 ಕೋಟಿಯ ಆಸುಪಾಸಿಗೆ ಇಳಿದಿತ್ತು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ, ಅಂದರೆ ಸುಮಾರು 1.28 ಕೋಟಿ ಜನಕ್ಕೆ ಕೆಲಸ ಇರಲಿಲ್ಲ. ಉಳಿದವರಲ್ಲೂ ಎಷ್ಟೋ ಜನಕ್ಕೆ ಸಿಗುತ್ತಿದ್ದುದು ಅರೆಕೆಲಸ, ಅರೆಸಂಬಳ.

ಬೆಲೆ ಇಳಿದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಲ ಇದ್ದವನಿಗೆ ಒಳ್ಳೆಯದಲ್ಲ. ಹತ್ತಿ ಪೌಂಡಿಗೆ 16–17 ಸೆಂಟ್ ಇದ್ದಾಗ ಮಾಡಿದ ಸಾಲವನ್ನು 6 ಸೆಂಟಿನ ಹತ್ತಿ ಮಾರಿ ತೀರಿಸಬೇಕೆಂದರೆ ರೈತ ಹೆಚ್ಚುಕಡಿಮೆ ಮೂರು ಪಟ್ಟು ಹತ್ತಿ ಕೊಡಬೇಕು. ಹಾಗೆ ತೀರಿಸಲಾಗದ ಸಾಲಗಳೇ ಬ್ಯಾಂಕುಗಳ ಲೆಕ್ಕದ ಪುಸ್ತಕದಲ್ಲಿ ತುಂಬಿಕೊಂಡಿದ್ದವು.

ಇಡೀ ದೇಶದ ಬ್ಯಾಂಕುಗಳು ಒಟ್ಟಿಗೆ ಮುಚ್ಚುವ ಸ್ಥಿತಿ ಹೇಗೆ ಬಂತು?

ಬ್ಯಾಂಕು ಠೇವಣಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ, ಸಾಲ ಕೊಟ್ಟಿರುತ್ತದೆ. ಠೇವಣಿದಾರ ಇವತ್ತೇ ಹಣ ಕೇಳಬಹುದು, ಆದರೆ ಸಾಲ ತೆಗೆದುಕೊಂಡವನು ಇವತ್ತೇ ಕೊಡಲಾರ. ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ ಗಟ್ಟಿ ಬ್ಯಾಂಕೂ ಬೀಳುತ್ತದೆ. ಆಗಿನ ಅಮೆರಿಕದಲ್ಲಿ ಒಂದೇ ಊರಿನ, ಒಂದೇ ಶಾಖೆಯ ಪುಟ್ಟ ಬ್ಯಾಂಕುಗಳು ಸಾವಿರಗಟ್ಟಲೆ ಇದ್ದವು. ಊರಿನ ಬೆಳೆ ಕೈಕೊಟ್ಟರೆ ಬ್ಯಾಂಕೂ ಕೈಕೊಡುತ್ತಿತ್ತು.

ಕೊನೆಯ ಸುತ್ತು ಮಿಷಿಗನ್‌ನಿಂದ ಶುರುವಾಯಿತು. ಡೆಟ್ರಾಯಿಟ್‌ನ ಯೂನಿಯನ್ ಗಾರ್ಡಿಯನ್ ಟ್ರಸ್ಟ್ ಕಂಪನಿಗೆ ತುರ್ತು ಸಾಲ ಬೇಕಿತ್ತು. ಕೇಂದ್ರ ಸರ್ಕಾರದ ಪುನರ್ನಿರ್ಮಾಣ ಹಣಕಾಸು ನಿಗಮ (ಆರ್‌ಎಫ್‌ಸಿ) ಸಾಕಷ್ಟು ಅಡಮಾನ ಇಲ್ಲದೆ ಕೊಡುವಂತಿರಲಿಲ್ಲ. ಅಲ್ಲಿ ದೊಡ್ಡ ಠೇವಣಿ ಇಟ್ಟಿದ್ದ ಹೆನ್ರಿ ಫೋರ್ಡ್ ತಮ್ಮ ಹಕ್ಕನ್ನು ಹಿಂದಕ್ಕಿಡಲು ಒಪ್ಪಲಿಲ್ಲ. ಸೆನೆಟರ್ ಜೇಮ್ಸ್ ಕೌಝೆನ್ಸ್ ಅಡಮಾನವಿಲ್ಲದ ಸಾಲಕ್ಕೆ ಅಡ್ಡ ನಿಂತರು. ಫೆಬ್ರವರಿ 14ರಂದು ರಾಜ್ಯಪಾಲ ವಿಲಿಯಂ ಕಾಮ್‌ಸ್ಟಾಕ್ ರಾಜ್ಯದ ಸುಮಾರು 550 ಬ್ಯಾಂಕುಗಳಿಗೆ ಎಂಟು ದಿನ ರಜೆ ಘೋಷಿಸಿದರು.

ಆಮೇಲೆ ಆದದ್ದು ಸರಪಳಿ. ಮಿಷಿಗನ್‌ನಲ್ಲಿ ಹಣ ಸಿಕ್ಕಿಹಾಕಿಕೊಂಡ ಕಂಪನಿಗಳು ಬೇರೆ ರಾಜ್ಯದ ಖಾತೆಗಳಿಂದ ಹಣ ತೆಗೆದವು. ಅಲ್ಲಿನ ಜನ ಗಾಬರಿಯಾಗಿ ಸಾಲು ನಿಂತರು. ಒಂದೊಂದೇ ರಾಜ್ಯ ರಜೆ ಘೋಷಿಸಿತು, ಇಲ್ಲವೇ ದಿನಕ್ಕೆ ಇಷ್ಟೇ ಹಣ ಎಂದು ಮಿತಿ ಹಾಕಿತು. ಹೊಸ ಅಧ್ಯಕ್ಷರು ಡಾಲರಿನ ಮೌಲ್ಯ ಇಳಿಸುತ್ತಾರೆ ಎಂಬ ಸುದ್ದಿ ಹಬ್ಬಿ ನೋಟು ಕೊಟ್ಟು ಚಿನ್ನ ಪಡೆಯುವವರೂ ಹೆಚ್ಚಿದರು. ನೋಟಿನ ಬೆನ್ನಿಗೆ ಶೇ. 40ರಷ್ಟು ಚಿನ್ನ ಇರಬೇಕೆಂಬ ಕಾನೂನಿತ್ತು. ಮಾರ್ಚ್ 3ರಂದು ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಗೆ ಸೇರಿದ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಚಿನ್ನ ಆ ಮಿತಿಗಿಂತ ಕೆಳಗಿಳಿಯಿತು. ಮಾರ್ಚ್ 4ರ ಬೆಳಗಿನ ಜಾವ ನ್ಯೂಯಾರ್ಕ್ ಮತ್ತು ಇಲಿನಾಯ್ ರಾಜ್ಯಗಳೂ ಬಾಗಿಲು ಹಾಕಿದವು. ಅದೇ ಮಧ್ಯಾಹ್ನ ಫ್ರಾಂಕ್ಲಿನ್ ರೂಸ್ವೆಲ್ಟ್ ಪ್ರಮಾಣವಚನ ಸ್ವೀಕರಿಸಿದರು.

ಚುನಾವಣೆ ನಡೆದದ್ದು ನವೆಂಬರಿನಲ್ಲಿ. ಮಾರ್ಚಿನವರೆಗೆ ಕಾದದ್ದು ಏಕೆ?

ಆಗಿನ ನಿಯಮವೇ ಹಾಗಿತ್ತು. 1932ರ ನವೆಂಬರ್ 8ರಂದು ಸೋತ ಹರ್ಬರ್ಟ್ ಹೂವರ್ 1933ರ ಮಾರ್ಚ್ 4ರವರೆಗೆ ಕುರ್ಚಿಯಲ್ಲಿದ್ದರು. ಜಂಟಿ ಹೇಳಿಕೆ ಕೊಡೋಣ ಎಂದು ಅವರು ಕರೆದರು. ತಮ್ಮದಲ್ಲದ ನೀತಿಗೆ ಕೈ ಕಟ್ಟಿಸಿಕೊಳ್ಳಲು ರೂಸ್ವೆಲ್ಟ್ ಒಪ್ಪಲಿಲ್ಲ. ಇಬ್ಬರ ನಡುವೆ ನಾಲ್ಕು ತಿಂಗಳು ಹೀಗೇ ಕಳೆಯಿತು, ಅದರ ಬೆಲೆ ತೆತ್ತವರು ಠೇವಣಿದಾರರು. ಅಧಿಕಾರ ವಹಿಸಿಕೊಳ್ಳುವ ದಿನವನ್ನು ಜನವರಿ 20ಕ್ಕೆ ತಂದ 20ನೇ ತಿದ್ದುಪಡಿ ಅಂಗೀಕಾರವಾದದ್ದೂ 1933ರ ಜನವರಿ 23ರಂದೇ, ಆದರೆ ಪ್ರಮಾಣವಚನಕ್ಕೆ ಅದು ಅನ್ವಯವಾದದ್ದು 1937ರಲ್ಲಿ.

ಈ ನಡುವೆ ಫೆಬ್ರವರಿ 15ರಂದು ಮಯಾಮಿಯಲ್ಲಿ ಜ್ಯುಸೆಪ್ಪೆ ಝಂಗಾರಾ ಎಂಬಾತ ರೂಸ್ವೆಲ್ಟ್ ಕಡೆಗೆ ಗುಂಡು ಹಾರಿಸಿದ. ಗುಂಡು ತಗುಲಿದ್ದು ಶಿಕಾಗೊ ಮೇಯರ್ ಆಂಟನ್ ಸರ್ಮಾಕ್ ಅವರಿಗೆ. ಅವರು ಮಾರ್ಚ್ 6ರಂದು ತೀರಿಕೊಂಡರು.

ಬ್ಯಾಂಕು ರಜೆಯ ವಾರದಲ್ಲಿ ಜನ ದಿನ ಕಳೆದದ್ದು ಹೇಗೆ?

ಮಾರ್ಚ್ 6ರ ಸೋಮವಾರ ರೂಸ್ವೆಲ್ಟ್ ಇಡೀ ದೇಶಕ್ಕೆ ರಜೆ ಘೋಷಿಸಿದರು. ಕಾನೂನಿನ ಆಧಾರ 1917ರ ಶತ್ರುಗಳೊಡನೆ ವ್ಯಾಪಾರ ಕಾಯ್ದೆ, ಅಂದರೆ ಯುದ್ಧಕಾಲದ ಕಾನೂನು. ಹಣ ಕೊಡುವುದು, ಸಾಲ ಕೊಡುವುದು, ಚಿನ್ನ ಸಾಗಿಸುವುದು ಎಲ್ಲವೂ ನಿಂತವು. ಹಣಕಾಸು ಮಂತ್ರಿ ವಿಲಿಯಂ ವುಡಿನ್ ಕೆಲವು ಕಿಂಡಿಗಳನ್ನು ಮಾತ್ರ ಬಿಟ್ಟರು: ಚಿಲ್ಲರೆ ಕೊಡಬಹುದು, ಗ್ರಾಹಕರು ತಮ್ಮ ಲಾಕರ್ ತೆರೆಯಬಹುದು, ಆಹಾರ ಮತ್ತು ಔಷಧಿಯಂಥ ಅಗತ್ಯಕ್ಕೆ ಹಣ ಕೊಡಬಹುದು.

ನಿಜವಾದ ತೊಂದರೆ ಚಿಲ್ಲರೆಯದು. ಅಂಗಡಿಯವರು ಪರಿಚಯದವರಿಗೆ ಉದ್ರಿ ಬರೆದುಕೊಂಡರು. ಪರ ಊರಿನಲ್ಲಿ ಸಿಕ್ಕಿಬಿದ್ದವರಿಗೆ ಆ ಅನುಕೂಲವೂ ಇರಲಿಲ್ಲ. ಕೆಲವು ನಗರಗಳಲ್ಲಿ ವರ್ತಕರೂ ಪುರಸಭೆಗಳೂ ತಮ್ಮದೇ ಚೀಟಿ ಅಚ್ಚು ಹಾಕಿಸಿ ಹಣದಂತೆ ಚಲಾಯಿಸಿದವು. ಊರು ದಾಟಿದರೆ ಆ ಚೀಟಿಗೆ ಬೆಲೆ ಇರುತ್ತಿರಲಿಲ್ಲ. ಇಡೀ ದೇಶಕ್ಕೆ ಚೀಟಿ ಹಂಚುವ ಆಲೋಚನೆಯೂ ಇತ್ತು. ವುಡಿನ್ ಅದನ್ನು ಬಿಟ್ಟು ನೋಡಲು ಹಣದಂತೆಯೇ ಇರುವ ನೋಟನ್ನೇ ಆರಿಸಿಕೊಂಡರು. ಹೊಸ ಅಚ್ಚು ಕೆತ್ತಲು ಸಮಯ ಇರಲಿಲ್ಲ. ಹಾಗಾಗಿ ಈಗಾಗಲೇ ಇದ್ದ ರಾಷ್ಟ್ರೀಯ ಬ್ಯಾಂಕ್ ನೋಟಿನ ಹಾಳೆಗಳ ಮೇಲೆಯೇ ಹೊಸ ಅಕ್ಷರ ಒತ್ತಿದರು. ಕಂದು ಮುದ್ರೆಯ ಆ ತುರ್ತು ನೋಟುಗಳ ಮೇಲೆ 1929ರ ಸರಣಿ ಎಂದೇ ಇದೆ, ಹೊರಬಂದದ್ದು ಮಾತ್ರ 1933ರಲ್ಲಿ. ಹಳೆಯ ನೋಟು ಸಂಗ್ರಹಿಸುವವರು ಇಸವಿ ನೋಡಿ ಎಡವುವುದು ಇಲ್ಲಿಯೇ.

ಬ್ಯಾಂಕುಗಳನ್ನು ಮತ್ತೆ ತೆರೆದ ಕ್ರಮ ಯಾವುದು?

ಈ ವರ್ಷದ ಅತ್ಯಂತ ಜಾಣ್ಮೆಯ ಕೆಲಸ ಇದೇ ಎನ್ನಬೇಕು.

ಮೊದಲನೆಯದು ಕಾನೂನು. ಮಾರ್ಚ್ 9ರಂದು ಸಂಸತ್ತಿನ ವಿಶೇಷ ಅಧಿವೇಶನ ಸೇರಿತು. ತುರ್ತು ಬ್ಯಾಂಕಿಂಗ್ ಕಾಯ್ದೆ ಅದೇ ದಿನ ಎರಡೂ ಸದನ ದಾಟಿ ರಾತ್ರಿ ಸಹಿ ಪಡೆಯಿತು. ಕೆಳಮನೆಯ ಬಹುತೇಕ ಸದಸ್ಯರ ಕೈಯಲ್ಲಿ ಮಸೂದೆಯ ಪ್ರತಿಯೂ ಇರಲಿಲ್ಲ, ಓದಿ ಹೇಳಿದ್ದನ್ನು ಕೇಳಿ ಮತ ಹಾಕಿದರು. ಅಧ್ಯಕ್ಷರ ರಜೆ ಘೋಷಣೆಗೆ ಒಪ್ಪಿಗೆ, ಕುಂಟುವ ಬ್ಯಾಂಕಿಗೆ ಪಾಲಕರ ನೇಮಕ, ಆರ್‌ಎಫ್‌ಸಿಯಿಂದ ಬ್ಯಾಂಕುಗಳ ಆದ್ಯತಾ ಷೇರು ಖರೀದಿ, ತುರ್ತು ನೋಟು, ಇವು ಅದರ ಮುಖ್ಯ ಅಂಶಗಳು. ತುರ್ತು ನೋಟಿಗೆ ಚಿನ್ನದ ಬೆಂಬಲ ಬೇಡ. ಬ್ಯಾಂಕು ಸರ್ಕಾರಿ ಬಾಂಡ್ ತಂದರೆ ಪೂರ್ತಿ ಮೊತ್ತಕ್ಕೆ, ಒಳ್ಳೆಯ ವ್ಯಾಪಾರಿ ಹುಂಡಿಗಳನ್ನು ತಂದರೆ ಅಂದಾಜು ಮೌಲ್ಯದ ಶೇ. 90ರವರೆಗೆ ನೋಟು ಸಿಗುತ್ತಿತ್ತು. ಇದರಿಂದ ಠೇವಣಿದಾರ ಬಂದು ಕೇಳಿದರೆ ಕೊಡಲು ನಗದು ಇಲ್ಲ ಎಂಬ ಮಾತೇ ಇಲ್ಲವಾಯಿತು.

ಎರಡನೆಯದು ವಿಂಗಡಣೆ. ಬ್ಯಾಂಕುಗಳನ್ನು ಮೂರು ಗುಂಪು ಮಾಡಿದರು. ಗಟ್ಟಿಯಾದವು ಕೂಡಲೇ ತೆರೆಯಬೇಕು. ಸ್ವಲ್ಪ ಬಂಡವಾಳ ಹಾಕಿದರೆ ನಿಲ್ಲುವಂಥವು ಪಾಲಕರ ಕೈಯಲ್ಲಿ ಕಾಯಬೇಕು. ಮುಳುಗಿದವು ತೆರೆಯಲೇಬಾರದು.

ಮೂರನೆಯದು ಮಾತು. ಮಾರ್ಚ್ 12ರ ಭಾನುವಾರ ರಾತ್ರಿ ಹತ್ತಕ್ಕೆ ರೂಸ್ವೆಲ್ಟ್ ರೇಡಿಯೊದಲ್ಲಿ ಬ್ಯಾಂಕು ಎಂದರೆ ಏನು, ನಿಮ್ಮ ಹಣ ಎಲ್ಲಿರುತ್ತದೆ ಎಂದು ಮನೆಮಾತಿನಲ್ಲಿ ವಿವರಿಸಿದರು. ಸುಮಾರು 6 ಕೋಟಿ ಜನ ಕೇಳಿದರೆಂಬ ಅಂದಾಜಿದೆ. ನಾಳೆ ಯಾವ ಊರು, ನಾಡಿದ್ದು ಯಾವ ಊರು ಎಂಬ ವೇಳಾಪಟ್ಟಿಯನ್ನೂ ಹೇಳಿದರು: 13ರಂದು ಫೆಡರಲ್ ರಿಸರ್ವ್ ಬ್ಯಾಂಕು ಇರುವ 12 ನಗರಗಳು, 14ರಂದು ಚೆಕ್ ತೀರುವೆ ಕೇಂದ್ರ ಇರುವ ನಗರಗಳು, 15ರಿಂದ ಉಳಿದ ಊರುಗಳು. ನಿಮ್ಮ ಬ್ಯಾಂಕು ಮೊದಲ ದಿನ ತೆರೆಯದಿದ್ದರೆ ಅದು ಮುಳುಗಿದೆ ಎಂದುಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಆ ಮಾತಿನಲ್ಲಿತ್ತು. ಅದನ್ನು ಹೇಳದೆ ಹಂತಹಂತವಾಗಿ ತೆರೆದಿದ್ದರೆ ಎರಡನೇ ದಿನವೇ ಹೊಸ ಗಾಬರಿ ಹುಟ್ಟುತ್ತಿತ್ತು.

ಸೋಮವಾರ ಸಾಲು ನಿಂತವರು ಹಣ ತೆಗೆಯುವುದಕ್ಕಲ್ಲ, ಕಟ್ಟುವುದಕ್ಕೆ ಬಂದರು. ಜನ ಹೊರತೆಗೆದು ಬಚ್ಚಿಟ್ಟಿದ್ದ ನಗದಿನಲ್ಲಿ ಸುಮಾರು ಮೂರನೇ ಎರಡು ಭಾಗ ಮಾರ್ಚ್ ಮುಗಿಯುವುದರೊಳಗೆ ಮರಳಿತು. ಮಾರ್ಚ್ 15ರಂದು ಷೇರುಪೇಟೆ ತೆರೆದಾಗ ಡೌ ಜೋನ್ಸ್ ಸೂಚ್ಯಂಕ 53.84ರಿಂದ 62.10ಕ್ಕೆ, ಅಂದರೆ ಶೇ. 15.34ರಷ್ಟು ಏರಿತು. ಒಂದೇ ದಿನದ ಅತಿ ಹೆಚ್ಚಿನ ಶೇಕಡಾವಾರು ಏರಿಕೆ ಎಂಬ ಆ ದಾಖಲೆ ಇನ್ನೂ ಮುರಿದಿಲ್ಲ.

ಎಲ್ಲರ ಹಣ ಉಳಿಯಿತು ಎಂದು ಮಾತ್ರ ತಿಳಿಯಬೇಡಿ. ಆ ವರ್ಷ ಒಟ್ಟು ಸುಮಾರು 4,000 ಬ್ಯಾಂಕುಗಳು ಬಿದ್ದವು. ಅವುಗಳ ಠೇವಣಿದಾರರು ವರ್ಷಗಟ್ಟಲೆ ಕಾದು, ಆಸ್ತಿ ಹರಾಜಾದ ಮೇಲೆ, ಪೂರ್ತಿಯಲ್ಲದ ಹಣ ಪಡೆದರು.

ಠೇವಣಿ ವಿಮೆ ಬಂದದ್ದು ಆಗಲೇ?

ಹೌದು. ಜೂನ್ 16ರ ಬ್ಯಾಂಕಿಂಗ್ ಕಾಯ್ದೆ, ಅಂದರೆ ಗ್ಲಾಸ್–ಸ್ಟೀಗಲ್, ಫೆಡರಲ್ ಠೇವಣಿ ವಿಮಾ ನಿಗಮವನ್ನು (ಎಫ್‌ಡಿಐಸಿ) ಹುಟ್ಟುಹಾಕಿತು. ವಿಮೆ ಜಾರಿಗೆ ಬಂದದ್ದು 1934ರ ಜನವರಿ 1ರಂದು. ಮೊದಲ ಮಿತಿ 2,500 ಡಾಲರ್, ಅದೇ ಜುಲೈಯಿಂದ 5,000. ರೂಸ್ವೆಲ್ಟ್‌ಗೆ ಇದು ಮೊದಲು ಇಷ್ಟವಿರಲಿಲ್ಲ: ಒಳ್ಳೆಯ ಬ್ಯಾಂಕಿನ ದುಡ್ಡಿನಲ್ಲಿ ಕೆಟ್ಟ ಬ್ಯಾಂಕನ್ನು ಸಾಕಬೇಕಾಗುತ್ತದೆ ಎಂಬ ಅಳುಕು. ಸಂಸತ್ತಿನ ಒತ್ತಡದಿಂದ ಅದು ಉಳಿಯಿತು. ಅದೇ ಕಾಯ್ದೆ ಠೇವಣಿ ತೆಗೆದುಕೊಳ್ಳುವ ಬ್ಯಾಂಕನ್ನೂ ಷೇರು, ಬಾಂಡ್ ಮಾರುವ ಬ್ಯಾಂಕನ್ನೂ ಬೇರೆ ಮಾಡಿತು. ಅದಕ್ಕೆ ಮುಂಚೆ ಸೆನೆಟ್ ಸಮಿತಿಯ ವಕೀಲ ಫರ್ಡಿನಂಡ್ ಪೆಕೋರಾ ದೊಡ್ಡ ಬ್ಯಾಂಕರುಗಳನ್ನು ಕೂರಿಸಿ ಪ್ರಶ್ನಿಸಿದ್ದರು. ಜೆ. ಪಿ. ಮಾರ್ಗನ್ ಜೂನಿಯರ್ 1931 ಮತ್ತು 1932ರಲ್ಲಿ ಅಮೆರಿಕಕ್ಕೆ ಆದಾಯ ತೆರಿಗೆ ಕಟ್ಟಿರಲಿಲ್ಲ ಎಂಬುದು ಮೇ ತಿಂಗಳಲ್ಲಿ ಹೊರಬಿದ್ದಾಗ ಜನರ ಸಿಟ್ಟು ಈ ಕಾನೂನಿಗೆ ದಾರಿ ಸಲೀಸು ಮಾಡಿತು.

ಭಾರತದಲ್ಲಿ ಇಂಥದೇ ವ್ಯವಸ್ಥೆ ಬರಲು 1962ರವರೆಗೆ ಕಾಯಬೇಕಾಯಿತು, ಅದೂ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ. ಮೊದಲ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದು 5 ಲಕ್ಷಕ್ಕೆ ಏರಿತು.

ಸರ್ಕಾರ ಜನರ ಚಿನ್ನ ಕಿತ್ತುಕೊಂಡಿತು ಎನ್ನುತ್ತಾರೆ. ಮಾಂಗಲ್ಯ, ಬಳೆಯಂಥ ಒಡವೆಯೂ ಹೋಯಿತೇ?

ಒಡವೆ ಹೋಗಲಿಲ್ಲ. ಏಪ್ರಿಲ್ 5ರ 6102ನೇ ಆದೇಶ ಕೇಳಿದ್ದು ಚಿನ್ನದ ನಾಣ್ಯ, ಗಟ್ಟಿ ಮತ್ತು ಚಿನ್ನದ ಪತ್ರಗಳನ್ನು. ತಲೆಗೆ 100 ಡಾಲರಿನಷ್ಟು ನಾಣ್ಯ ಇಟ್ಟುಕೊಳ್ಳಬಹುದಿತ್ತು. ಅಪರೂಪದ ನಾಣ್ಯಗಳಿಗೂ, ಕೈಗಾರಿಕೆ ಮತ್ತು ಕಸುಬಿಗೆ ಬೇಕಾದ ಚಿನ್ನಕ್ಕೂ ವಿನಾಯಿತಿ ಇತ್ತು.

ಕೊಡುವ ಕ್ರಮ ಸರಳ. ಮೇ 1ರೊಳಗೆ ಫೆಡರಲ್ ರಿಸರ್ವ್ ಬ್ಯಾಂಕಿಗೋ ಅದರ ಸದಸ್ಯ ಬ್ಯಾಂಕಿಗೋ ಹೋಗಿ ಚಿನ್ನ ಇಟ್ಟರೆ ಅಷ್ಟೇ ಮುಖಬೆಲೆಯ ನೋಟು ಕೊಡುತ್ತಿದ್ದರು, ಔನ್ಸಿಗೆ 20.67 ಡಾಲರ್ ದರದಲ್ಲಿ. ತಪ್ಪಿದರೆ 10,000 ಡಾಲರ್‌ವರೆಗೆ ದಂಡ, ಹತ್ತು ವರ್ಷದವರೆಗೆ ಜೈಲು.

ಹಾಗಿದ್ದರೆ ನಷ್ಟ ಎಲ್ಲಿ? 20 ಡಾಲರಿನ ಡಬಲ್ ಈಗಲ್ ನಾಣ್ಯದಲ್ಲಿ 0.9675 ಔನ್ಸ್, ಅಂದರೆ ಸುಮಾರು 30 ಗ್ರಾಂ ಅಪ್ಪಟ ಚಿನ್ನ. 1933ರ ಏಪ್ರಿಲಿನಲ್ಲಿ ಕೊಟ್ಟವರಿಗೆ 20 ಡಾಲರ್ ನೋಟು ಸಿಕ್ಕಿತು. ಅಕ್ಟೋಬರ್ 25ರಿಂದ ಸರ್ಕಾರವೇ ಔನ್ಸಿಗೆ 31.36 ಡಾಲರಿನಿಂದ ಶುರುಮಾಡಿ ದಿನದಿನಕ್ಕೆ ದರ ಏರಿಸುತ್ತ ಹೊಸ ಚಿನ್ನ ಕೊಂಡಿತು. 1934ರ ಜನವರಿ 31ರಂದು ದರವನ್ನು 35 ಡಾಲರಿಗೆ ನಿಲ್ಲಿಸಿತು. ಆ ಲೆಕ್ಕದಲ್ಲಿ ಅದೇ ನಾಣ್ಯದ ಚಿನ್ನಕ್ಕೆ 33.86 ಡಾಲರ್. ನಡುವಿನ ಲಾಭ ಕೊಟ್ಟವರಿಗಲ್ಲ, ಖಜಾನೆಗೆ. ಚಿನ್ನದಲ್ಲೇ ತೀರಿಸಬೇಕೆಂದು ಬರೆಸಿಕೊಂಡಿದ್ದ ಸಾಲಪತ್ರಗಳ ಷರತ್ತನ್ನೂ ಜೂನ್ 5ರಂದು ಸಂಸತ್ತು ರದ್ದು ಮಾಡಿತು.

ಉದ್ದೇಶ ಬೆಲೆ ಏರಿಸುವುದು, ಸಾಲಗಾರರ ಹೊರೆ ಇಳಿಸುವುದು. ಆ ಉದ್ದೇಶವನ್ನು ನಾವು ಒಪ್ಪುತ್ತೇವೆ. ಆದರೂ ಆದೇಶ ಪಾಲಿಸಿ ಮೊದಲೇ ಕೊಟ್ಟವರು ಕಳೆದುಕೊಂಡರು ಎಂಬುದನ್ನು ಮುಚ್ಚಿಡಬಾರದು.

1933ರ ಡಬಲ್ ಈಗಲ್ ಅಷ್ಟೊಂದು ದುಬಾರಿ ಏಕೆ?

ಆ ವರ್ಷ 4,45,500 ನಾಣ್ಯ ಅಚ್ಚಾದವು, ಒಂದೂ ಅಧಿಕೃತವಾಗಿ ಚಲಾವಣೆಗೆ ಬರಲಿಲ್ಲ. ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿದರು. ಕೆಲವು ಟಂಕಸಾಲೆಯಿಂದ ಕಳುವಾದವು. ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದ ಒಂದೇ ನಾಣ್ಯ 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯಿತು.

ಜನ ಹಸಿದಿರುವಾಗ ಹತ್ತಿ ಉತ್ತುಹಾಕಿದ್ದು, ಹಂದಿಮರಿ ಕೊಂದದ್ದು ನಿಜವೇ?

ನಿಜ. ಮೇ 12ರ ಕೃಷಿ ಹೊಂದಾಣಿಕೆ ಕಾಯ್ದೆಯ ಉದ್ದೇಶ ಬೆಳೆ ಕಡಿಮೆ ಮಾಡಿ ಬೆಲೆ ಏರಿಸುವುದು. ಅಷ್ಟರಲ್ಲಿ ಹತ್ತಿ ಬಿತ್ತನೆ ಮುಗಿದಿತ್ತು. ಬಿತ್ತದಿರಲು ಹಣ ಕೊಡುವ ಕಾಲ ಮೀರಿದ್ದರಿಂದ ನಿಂತ ಬೆಳೆಯನ್ನೇ ತೆಗೆಯಬೇಕಾಯಿತು. ಜಿಲ್ಲಾ ಕೃಷಿ ಅಧಿಕಾರಿಗಳು ಮನೆಮನೆಗೆ ಹೋಗಿ ಒಪ್ಪಂದ ಬರೆಸಿದರು. ರೈತ ತನ್ನ ಹತ್ತಿ ಹೊಲದ ಕಾಲು ಭಾಗದಿಂದ ಅರ್ಧದವರೆಗೆ ಉತ್ತುಹಾಕಬೇಕು. ಇಳುವರಿ ನೋಡಿಕೊಂಡು ಎಕರೆಗೆ 7ರಿಂದ 20 ಡಾಲರ್ ಸಿಗುತ್ತಿತ್ತು. ಕಡಿಮೆ ನಗದು ತೆಗೆದುಕೊಂಡರೆ ಸರ್ಕಾರದ ಗೋದಾಮಿನ ಹತ್ತಿಯನ್ನು ಪೌಂಡಿಗೆ 6 ಸೆಂಟಿನಂತೆ ಕೊಳ್ಳುವ ಹಕ್ಕೂ ಜೊತೆಗಿತ್ತು, ಬೆಲೆ ಏರಿದರೆ ಅದರಲ್ಲಿ ಲಾಭ. ಹೀಗೆ ಸುಮಾರು 1 ಕೋಟಿ ಎಕರೆ ಹತ್ತಿ ಮಣ್ಣಿಗೆ ಹೋಯಿತು. ಸಾಲಿನ ನಡುವೆ ನಡೆದು ಗಿಡ ತುಳಿಯದಂತೆ ಪಳಗಿದ್ದ ಹೇಸರಗತ್ತೆಗಳು ಗಿಡದ ಮೇಲೆ ನಡೆಯಲು ಒಪ್ಪದೆ ಹಟ ಹಿಡಿದವು ಎಂದು ಆಗಿನವರು ಹೇಳಿಕೊಳ್ಳುತ್ತಿದ್ದರು.

ಆಗಸ್ಟ್–ಸೆಪ್ಟೆಂಬರಿನಲ್ಲಿ ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಂಡು ಕೊಂದರು. ಒಂದಷ್ಟು ಮಾಂಸ ಉಪ್ಪು ಹಾಕಿ ಬಡವರಿಗೆ ಹಂಚಿಕೆಯಾಯಿತು. ಆದರೆ ಕಸಾಯಿಖಾನೆಯ ರೋಮ ತೆಗೆಯುವ ಯಂತ್ರಗಳು ದೊಡ್ಡ ಹಂದಿಗೆ ಮಾಡಿದ್ದವು. ತೀರಾ ಸಣ್ಣ ಮರಿಗಳು ಅದಕ್ಕೆ ಹೊಂದದೆ ಕೊಬ್ಬಿಗೋ ಗೊಬ್ಬರಕ್ಕೋ ಹೋದವು. ಜನ ರೊಚ್ಚಿಗೆದ್ದ ಮೇಲೆ ಅಕ್ಟೋಬರಿನಲ್ಲಿ ಹೆಚ್ಚುವರಿ ಆಹಾರವನ್ನು ಬಡವರಿಗೆ ತಲುಪಿಸುವ ಪ್ರತ್ಯೇಕ ನಿಗಮ ಹುಟ್ಟಿತು.

ಹಂದಿಮರಿಗಳ ಕಥೆ ಎಲ್ಲರಿಗೂ ಗೊತ್ತು, ಅದಕ್ಕಿಂತ ದೊಡ್ಡ ಅನ್ಯಾಯ ಹತ್ತಿ ಹೊಲದಲ್ಲಿ ಆಯಿತು. ಒಪ್ಪಂದ ಭೂಮಾಲೀಕನ ಹೆಸರಿನಲ್ಲಿ, ಚೆಕ್ಕೂ ಅವನ ಕೈಗೆ. ಪಾಲಿಗೆ ಉಳುವವನ ಪಾಲನ್ನು ಮಾಲೀಕ ಹಳೆಯ ಸಾಲಕ್ಕೆ ವಜಾ ಹಾಕಿಕೊಳ್ಳಬಹುದಿತ್ತು. ಹೊಲ ಕಡಿಮೆಯಾದ ಮೇಲೆ ಉಳುವವರೂ ಅಗತ್ಯಕ್ಕಿಂತ ಹೆಚ್ಚಾದರು, ಅವರನ್ನು ಒಕ್ಕಲೆಬ್ಬಿಸಿದರು. ದಕ್ಷಿಣ ರಾಜ್ಯಗಳಲ್ಲಿ ಹೀಗೆ ಬೀದಿಗೆ ಬಿದ್ದವರಲ್ಲಿ ಕಪ್ಪು ಜನರು ಬಹಳ. 1933ರ ನೆರವುಗಳನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಕಾಗದ ಯಾರ ಹೆಸರಿನಲ್ಲಿತ್ತು? ಖಾತೆ, ಜಮೀನಿನ ಪತ್ರ, ಮನೆಯ ಕ್ರಯಪತ್ರ ಇದ್ದವರಿಗೆ ನೆರವು ಬೇಗ ಮುಟ್ಟಿತು. ಏನೂ ಇಲ್ಲದವರಿಗೆ ತಡವಾಗಿ, ಕೆಲವೊಮ್ಮೆ ಉಲ್ಟಾ ಮುಟ್ಟಿತು.

ಜಪ್ತಿ, ಹರಾಜುಗಳನ್ನು ಜನ ತಡೆದದ್ದು ಹೇಗೆ?

ಸಾಲ ಕಟ್ಟದ ರೈತನ ಸಾಮಾನು ಹರಾಜಿಗೆ ಬಂದಾಗ ಅಕ್ಕಪಕ್ಕದ ಊರಿನವರು ಗುಂಪಾಗಿ ಬಂದು ಹಸುವಿಗೆ, ನೇಗಿಲಿಗೆ ಕೆಲವೇ ಸೆಂಟ್ ಕೂಗುತ್ತಿದ್ದರು. ಹೊರಗಿನವರು ಹೆಚ್ಚು ಕೂಗಲು ಬಿಡುತ್ತಿರಲಿಲ್ಲ. ಹರಾಜು ಮುಗಿದ ಮೇಲೆ ಎಲ್ಲವನ್ನೂ ರೈತನಿಗೇ ವಾಪಸು ಕೊಡುತ್ತಿದ್ದರು. ಕೆಲವೆಡೆ ವಿಷಯ ಕೈಮೀರಿತು: ಏಪ್ರಿಲ್ 27ರಂದು ಅಯೊವಾದ ಲೆ ಮಾರ್ಸ್‌ನಲ್ಲಿ ಜಪ್ತಿ ನಿಲ್ಲಿಸಲು ಒಪ್ಪದ ನ್ಯಾಯಾಧೀಶ ಚಾರ್ಲ್ಸ್ ಬ್ರಾಡ್ಲಿಯವರನ್ನು ಕೋರ್ಟಿನಿಂದ ಎಳೆದೊಯ್ದು ಕುತ್ತಿಗೆಗೆ ಹಗ್ಗ ಹಾಕಿದರು. ಅವರು ಬದುಕಿ ಉಳಿದರು.

ಪಟ್ಟಣದ ಮನೆಗಳಿಗೆ ಜೂನ್ 13ರಂದು ಮನೆಮಾಲೀಕರ ಸಾಲ ನಿಗಮ ಬಂತು. ಅಲ್ಲಿಯವರೆಗೆ ಮನೆಸಾಲ ಎಂದರೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಅವಧಿ: ಅಲ್ಲಿಯವರೆಗೆ ಬಡ್ಡಿ, ಕೊನೆಗೆ ಅಸಲು ಒಂದೇ ಸಲ. ಸಾಲ ನವೀಕರಿಸುವ ಬ್ಯಾಂಕೇ ಮುಳುಗಿದರೆ ಮನೆ ಹೋಯಿತೆಂದೇ ಅರ್ಥ. ನಿಗಮ ಆ ಸಾಲಗಳನ್ನು ತಾನು ಕೊಂಡು, ಶೇ. 5ರ ಬಡ್ಡಿಗೆ, 15 ವರ್ಷದ ಸಮಕಂತುಗಳಾಗಿ ಬದಲಾಯಿಸಿತು. 1936ರ ಹೊತ್ತಿಗೆ ಸುಮಾರು 10 ಲಕ್ಷ ಮನೆಗಳಿಗೆ ಹೀಗೆ ಸಾಲ ಸಿಕ್ಕಿತು. ಈಗ ನಾವು ಇಎಂಐ ಎನ್ನುವ ಕ್ರಮ ಅಮೆರಿಕದಲ್ಲಿ ಬೇರೂರಲು ಇದು ದೊಡ್ಡ ಕಾರಣ.

ಕೆಲಸ ಇಲ್ಲದವರಿಗೆ ಏನು ಸಿಕ್ಕಿತು?

ಮೊದಲು ಬಂದದ್ದು ಸಿವಿಲಿಯನ್ ಕನ್ಸರ್ವೇಶನ್ ಕೋರ್, ಅಂದರೆ ಸಿಸಿಸಿ. 18ರಿಂದ 25 ವರ್ಷದ ಮದುವೆಯಾಗದ ಯುವಕರಿಗೆ ಕಾಡಿನಲ್ಲಿ ಕೆಲಸ. ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರ ಮನೆಗೆ. ಊಟ, ಬಟ್ಟೆ, ವಸತಿ ಉಚಿತ. ಆಯ್ಕೆ ಕಾರ್ಮಿಕ ಇಲಾಖೆಯದು, ಸುಮಾರು 200 ಜನರ ಶಿಬಿರ ನಡೆಸುವುದು ಸೈನ್ಯ, ಕೆಲಸ ಮಾಡಿಸುವುದು ಕೃಷಿ ಮತ್ತು ಒಳಾಡಳಿತ ಇಲಾಖೆಗಳು. ಮೊದಲ ಶಿಬಿರ ಏಪ್ರಿಲ್ 17ರಂದು ವರ್ಜೀನಿಯಾದ ಲೂರೆ ಹತ್ತಿರ ತೆರೆಯಿತು, ಜುಲೈ ಹೊತ್ತಿಗೆ ಎರಡೂವರೆ ಲಕ್ಷ ಯುವಕರು ಸೇರಿದ್ದರು. ಹೆಣ್ಣುಮಕ್ಕಳಿಗೆ ಅವಕಾಶ ಇರಲಿಲ್ಲ.

ಮೇ 12ರ ಪರಿಹಾರ ಕಾಯ್ದೆಯಲ್ಲಿ 50 ಕೋಟಿ ಡಾಲರ್ ಇತ್ತು. ಅದನ್ನು ಹಂಚುವ ಹೊಣೆ ಹೊತ್ತ ಹ್ಯಾರಿ ಹಾಪ್ಕಿನ್ಸ್ ಕಚೇರಿಗೆ ಬಂದ ಮೊದಲ ಎರಡು ಗಂಟೆಯಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ರಾಜ್ಯಗಳಿಗೆ ಮಂಜೂರು ಮಾಡಿದರು. ಹೆರಾಲ್ಡ್ ಇಕಿಸ್ ನಡೆಸಿದ ಲೋಕೋಪಯೋಗಿ ಆಡಳಿತದ ಕೈಯಲ್ಲಿ 330 ಕೋಟಿ ಡಾಲರ್ ಇತ್ತು. ನಕ್ಷೆ, ಟೆಂಡರು, ತಪಾಸಣೆ ಎಂದು ಎಚ್ಚರದಿಂದ ನಡೆದದ್ದರಿಂದ ಅದು ಚಳಿಗಾಲಕ್ಕೆ ಕೂಲಿಯಾಗಿ ಇಳಿಯಲಿಲ್ಲ. ಆ ತೆರಪು ತುಂಬಲು ನವೆಂಬರ್ 9ರಂದು ಸಿವಿಲ್ ವರ್ಕ್ಸ್ ಆಡಳಿತ ಹುಟ್ಟಿತು. ರಸ್ತೆ, ಶಾಲೆ, ಚರಂಡಿ ದುರಸ್ತಿಯಂಥ ಕೂಡಲೇ ಶುರುಮಾಡಬಹುದಾದ ಕೆಲಸಗಳಲ್ಲಿ ಜನವರಿ ಮಧ್ಯದೊಳಗೆ 40 ಲಕ್ಷಕ್ಕೂ ಹೆಚ್ಚು ಜನರನ್ನು ಹಚ್ಚಿತು. ನಮ್ಮ ಉದ್ಯೋಗ ಖಾತರಿಯ ಚರ್ಚೆಯಲ್ಲಿ ಆಸಕ್ತಿ ಇರುವವರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಅಂಗಡಿಗಳ ಕಿಟಕಿಯಲ್ಲಿದ್ದ ನೀಲಿ ಹದ್ದು ಏನು?

ಜೂನ್ 16ರ ಕೈಗಾರಿಕಾ ಕಾಯ್ದೆಯಡಿ ಬಂದ ರಾಷ್ಟ್ರೀಯ ಚೇತರಿಕೆ ಆಡಳಿತ (ಎನ್‌ಆರ್‌ಎ) ಎಂಬ ಸಂಸ್ಥೆಯ ಗುರುತು. ಪ್ರತಿ ಉದ್ಯಮವೂ ಕನಿಷ್ಠ ಕೂಲಿ, ಗರಿಷ್ಠ ದುಡಿಮೆಯ ನಿಯಮಾವಳಿ ಬರೆದುಕೊಳ್ಳಬೇಕಿತ್ತು. ಮೊದಲನೆಯದು ಹತ್ತಿ ಬಟ್ಟೆ ಗಿರಣಿಗಳದು: ವಾರಕ್ಕೆ 40 ಗಂಟೆ, ದಕ್ಷಿಣದಲ್ಲಿ 12, ಉತ್ತರದಲ್ಲಿ 13 ಡಾಲರ್, 16 ತುಂಬದ ಮಕ್ಕಳನ್ನು ದುಡಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ಇದು ನಿಜವಾದ ಗೆಲುವು. ಉಳಿದಂತೆ ದೊಡ್ಡ ಕಂಪನಿಗಳು ನಿಯಮಾವಳಿಯ ನೆಪದಲ್ಲಿ ಬೆಲೆ ನಿಗದಿ ಮಾಡಿಕೊಂಡವು. ಹೊಲದ ಕೂಲಿಗಳಿಗೆ ಇದು ಅನ್ವಯಿಸಲೇ ಇಲ್ಲ. ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಹತ್ತಿ ಬಿಡಿಸುವವರು ನೂರು ಪೌಂಡಿಗೆ 1 ಡಾಲರ್ ಕೇಳಿ ಮುಷ್ಕರ ಹೂಡಿದರು. ಮಾಲೀಕರು ಕೊಡುತ್ತೇವೆಂದದ್ದು 60 ಸೆಂಟ್. ಗುಂಡೇಟಿಗೆ ಜೀವಗಳು ಹೋದ ಮೇಲೆ 75 ಸೆಂಟಿಗೆ ರಾಜಿಯಾಯಿತು.

ಪಾನನಿಷೇಧ ಕೊನೆಯಾದದ್ದು ಯಾವಾಗ, ಏಪ್ರಿಲಿನಲ್ಲೋ ಡಿಸೆಂಬರಿನಲ್ಲೋ?

ಎರಡೂ ಸರಿ. ತೂಕದಲ್ಲಿ ಶೇ. 3.2 ಆಲ್ಕೊಹಾಲ್ ಇರುವ ಬಿಯರ್ ಏಪ್ರಿಲ್ 7ರಿಂದ ಕಾನೂನುಬದ್ಧವಾಯಿತು, ಬ್ಯಾರಲಿಗೆ 5 ಡಾಲರ್ ತೆರಿಗೆಯೊಂದಿಗೆ. ಪೂರ್ತಿ ನಿಷೇಧ ತೆಗೆದ 21ನೇ ತಿದ್ದುಪಡಿಗೆ 48 ರಾಜ್ಯಗಳಲ್ಲಿ 36ರ ಒಪ್ಪಿಗೆ ಬೇಕಿತ್ತು. ಡಿಸೆಂಬರ್ 5ರಂದು ಯೂಟಾ 36ನೆಯದಾಯಿತು.

ಟಿವಿಎಗೂ ನಮ್ಮ ದಾಮೋದರ ಕಣಿವೆಗೂ ಏನು ನಂಟು?

ಮೇ 18ರಂದು ಹುಟ್ಟಿದ ಟೆನೆಸಿ ಕಣಿವೆ ಪ್ರಾಧಿಕಾರ (ಟಿವಿಎ) ಪ್ರವಾಹ ತಡೆ, ವಿದ್ಯುತ್ತು, ನೌಕಾಯಾನ, ಮಣ್ಣಿನ ರಕ್ಷಣೆ ಎಲ್ಲವನ್ನೂ ಒಂದೇ ಸಂಸ್ಥೆಯ ಕೈಗೆ ಕೊಟ್ಟಿತು. ಅಕ್ಟೋಬರ್ 1ರಂದು ನಾರಿಸ್ ಅಣೆಕಟ್ಟಿನ ಕೆಲಸ ಶುರುವಾಯಿತು, 1936ರಲ್ಲಿ ಮುಗಿಯಿತು. ಎತ್ತರ 265 ಅಡಿ. ಸುಮಾರು 2,900 ಕುಟುಂಬಗಳು ಊರು ಬಿಡಬೇಕಾಯಿತು. ಇಲ್ಲೂ ಅದೇ ಕಥೆ: ಜಮೀನು ಇದ್ದವರಿಗೆ ಪರಿಹಾರ, ಗೇಣಿದಾರರಿಗೆ ಹೆಚ್ಚೇನೂ ಇಲ್ಲ. 1948ರ ದಾಮೋದರ ಕಣಿವೆ ನಿಗಮಕ್ಕೆ ಮಾದರಿ ಇದೇ ಸಂಸ್ಥೆ.

ಬೇರೆ ಯಾವ ಘಟನೆಗಳು ಆ ವರ್ಷದವು?

ಬ್ಯಾಂಕು ರಜೆ ಇನ್ನೂ ಮುಗಿಯದ ಮಾರ್ಚ್ 10ರ ಸಂಜೆ 5.54ಕ್ಕೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಇಟ್ಟಿಗೆಯ ಶಾಲಾ ಕಟ್ಟಡಗಳು ಸಾಲುಸಾಲಾಗಿ ಕುಸಿದವು. ಮಕ್ಕಳು ಮನೆಗೆ ಹೋಗಿದ್ದರಿಂದ ಉಳಿದರು. ಒಂದೇ ತಿಂಗಳಲ್ಲಿ, ಏಪ್ರಿಲ್ 10ರಂದು, ಶಾಲೆಗಳನ್ನು ಭೂಕಂಪ ತಡೆಯುವಂತೆ ಕಟ್ಟಬೇಕೆಂಬ ಫೀಲ್ಡ್ ಕಾಯ್ದೆ ಆ ರಾಜ್ಯದಲ್ಲಿ ಬಂತು. ಏಪ್ರಿಲ್ 4ರಂದು ನೌಕಾಪಡೆಯ ಆಕ್ರನ್ ವಾಯುನೌಕೆ ಬಿರುಗಾಳಿಗೆ ಸಿಕ್ಕಿ 76 ಜನರಲ್ಲಿ 73 ಮಂದಿ ತೀರಿಕೊಂಡರು. ಮೇ 27ರಂದು ಶಿಕಾಗೊ ವಿಶ್ವಮೇಳ ಶುರುವಾಯಿತು. ನವೆಂಬರ್ ಮಧ್ಯದಲ್ಲಿ ದಕ್ಷಿಣ ಡಕೋಟಾದ ಮೇಲ್ಮಣ್ಣು ಧೂಳಾಗಿ ಎದ್ದು ಶಿಕಾಗೊ ದಾಟಿ ಪೂರ್ವಕ್ಕೆ ಹೋಯಿತು. ನವೆಂಬರ್ 16ರಂದು ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ ಕೊಟ್ಟಿತು. ಫ್ರಾನ್ಸಿಸ್ ಪರ್ಕಿನ್ಸ್ ಅಮೆರಿಕ ಸಂಪುಟದ ಮೊದಲ ಮಹಿಳೆಯಾದರು.

ಭಾರತಕ್ಕೂ ಕರ್ನಾಟಕಕ್ಕೂ ಇದರ ಬಿಸಿ ತಟ್ಟಿತೇ?

ತಟ್ಟಿತು, ಆದರೆ ಲಂಡನ್ ಮೂಲಕ. ರೂಪಾಯಿಯನ್ನು 1 ಶಿಲಿಂಗ್ 6 ಪೆನ್ಸ್ ದರಕ್ಕೆ ಪೌಂಡಿಗೆ ಕಟ್ಟಿಹಾಕಿದ್ದರು. 1931ರ ಸೆಪ್ಟೆಂಬರಿನಲ್ಲಿ ಪೌಂಡ್ ಚಿನ್ನದಿಂದ ಕಳಚಿಕೊಂಡ ಮೇಲೆ ಇಲ್ಲಿ ಚಿನ್ನದ ದರ ಏರಿತು. ಬೆಳೆಗೆ ಬೆಲೆ ಇಲ್ಲದೆ ಸಾಲ, ಕಂದಾಯ ತೀರಿಸಲಾಗದ ರೈತರು ಒಡವೆ ಮಾರಿದರು, ಆ ಚಿನ್ನ ಮುಂಬಯಿಯಿಂದ ಹಡಗು ಹತ್ತಿತು. ಅಲ್ಲಿ ಒಡವೆ ಬಿಟ್ಟು ನಾಣ್ಯ ಕೇಳಿದರು, ಇಲ್ಲಿ ಯಾರೂ ಆದೇಶ ಕೊಡದೆಯೇ ಒಡವೆ ಹೋಯಿತು.

ಕೋಲಾರದ ಗಣಿಗಳಿಗೆ ಮಾತ್ರ ಇದು ಲಾಭದ ಕಾಲ. ಔನ್ಸಿಗೆ ಸುಮಾರು 85 ಶಿಲಿಂಗ್ ಇದ್ದ ಲಂಡನ್ ದರ 1934ರಲ್ಲಿ 138 ಶಿಲಿಂಗಿನ ಆಸುಪಾಸಿಗೆ ಹೋಯಿತು. ಹಾಗಾಗಿ ಮೊದಲು ಗಿಟ್ಟದಿದ್ದ ಆಳದ, ಕಡಿಮೆ ಚಿನ್ನದ ಅದಿರನ್ನೂ ತೆಗೆಯಬಹುದಾಯಿತು. ರೈತರು ಲೇವಾದೇವಿಗಾರರಿಗೆ ಸಿಕ್ಕಿಬಿದ್ದಿದ್ದ ಇದೇ ಕುಸಿತದ ದಿನಗಳಲ್ಲಿ, 1931ರಲ್ಲಿ, ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು. ಇನ್ನು ಬೆಳ್ಳಿ: 1933ರ ಜೂನ್–ಜುಲೈಯಲ್ಲಿ ಲಂಡನ್ನಿನಲ್ಲಿ ಸೇರಿದ ವಿಶ್ವ ಆರ್ಥಿಕ ಸಮ್ಮೇಳನ ಹಣದ ದರ ಸ್ಥಿರಗೊಳಿಸುವ ಮಾತಿನಲ್ಲಿ ಮುರಿದುಬಿತ್ತು. ಜುಲೈ 3ರ ರೂಸ್ವೆಲ್ಟ್ ಸಂದೇಶವೇ ಅದಕ್ಕೆ ಕೊನೆಯ ಪೆಟ್ಟು. ಅಲ್ಲಿ ಕೈಗೂಡಿದ ಕೆಲವೇ ಒಪ್ಪಂದಗಳಲ್ಲಿ ಬೆಳ್ಳಿಯದೂ ಒಂದು. ಭಾರತ ಸರ್ಕಾರ ನಾಲ್ಕು ವರ್ಷದಲ್ಲಿ 14 ಕೋಟಿ ಔನ್ಸಿಗಿಂತ ಹೆಚ್ಚು ಬೆಳ್ಳಿ ಮಾರಬಾರದೆಂದು ಅದರಲ್ಲಿ ಒಪ್ಪಿತು.

1933ರ ನಿರುದ್ಯೋಗ ಒಂದು ಕಡೆ ಶೇ. 25, ಇನ್ನೊಂದು ಕಡೆ ಶೇ. 21 ಎಂದಿದೆ. ಯಾವುದು ಸರಿ?

ಆಗ ತಿಂಗಳು ತಿಂಗಳು ಸಮೀಕ್ಷೆ ಇರಲಿಲ್ಲ, ಎರಡೂ ನಂತರದ ಅರ್ಥಶಾಸ್ತ್ರಜ್ಞರ ಲೆಕ್ಕ. ಸರ್ಕಾರದ ಪರಿಹಾರ ಕಾಮಗಾರಿಯಲ್ಲಿದ್ದವರನ್ನೂ ನಿರುದ್ಯೋಗಿಗಳೆಂದು ಎಣಿಸಿದರೆ ಹತ್ತಿರ ಹತ್ತಿರ 25. ಅವರನ್ನು ಕೆಲಸದಲ್ಲಿರುವವರೆಂದು ಎಣಿಸಿದರೆ ಸುಮಾರು 21. ಎರಡು ವರ್ಷ ಹೋಲಿಸುವಾಗ ಒಂದೇ ಲೆಕ್ಕ ಹಿಡಿಯಿರಿ. ಬೇರೆ ಬೇರೆ ಪುಸ್ತಕದಿಂದ ಅಂಕಿ ಎತ್ತಿದರೆ ಆಗದ ಚೇತರಿಕೆ ಆದಂತೆ ಕಾಣುತ್ತದೆ.

ಆ ವರ್ಷ ಬಂದದ್ದರಲ್ಲಿ ಇಂದಿಗೂ ಉಳಿದದ್ದು ಯಾವುದು?

ಎಫ್‌ಡಿಐಸಿ ಇದೆ, ವಿಮೆಯ ಮಿತಿ ಈಗ 2,50,000 ಡಾಲರ್. ಟಿವಿಎ ಇದೆ. ಷೇರು ಬಿಡುಗಡೆಗೆ ಮುಂಚೆ ಪೂರ್ತಿ ವಿವರ ನೋಂದಾಯಿಸಬೇಕೆಂಬ ಮೇ 27ರ ಕಾಯ್ದೆಯೂ ಇದೆ. ಎನ್‌ಆರ್‌ಎಯನ್ನು ಸುಪ್ರೀಂ ಕೋರ್ಟು 1935ರಲ್ಲಿ, ಕೃಷಿ ಕಾಯ್ದೆಯ ತೆರಿಗೆ ವ್ಯವಸ್ಥೆಯನ್ನು 1936ರಲ್ಲಿ ಹೊಡೆದುಹಾಕಿತು. ಸಿಸಿಸಿ 1942ರಲ್ಲಿ ಮುಚ್ಚಿತು. ಬ್ಯಾಂಕುಗಳನ್ನು ಎರಡು ಬಗೆಯಾಗಿ ಬೇರೆ ಇಟ್ಟಿದ್ದ ಗೋಡೆಯ ಮುಖ್ಯ ಭಾಗ 1999ರಲ್ಲಿ ಹೋಯಿತು. ಅಮೆರಿಕನ್ನರು ಚಿನ್ನದ ಗಟ್ಟಿಯನ್ನು ಮತ್ತೆ ಮುಕ್ತವಾಗಿ ಇಟ್ಟುಕೊಳ್ಳುವಂತಾದದ್ದು 1974ರ ಡಿಸೆಂಬರ್ 31ರಿಂದ.